ವ್ಯವಹಾರದ ವಾಹನಕ್ಕೆ ಹಾಕಿಸಿದ ಪೆಟ್ರೋಲ್: ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವ ಕ್ರಮ

ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನನ್ನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ಬಂದು ಕೂರುತ್ತವೆ. ಅವುಗಳೊಳಗೆ ವರ್ಷವಿಡೀ ಕೂಡಿಟ್ಟ ಪೆಟ್ರೋಲ್ ಬಂಕಿನ ಚೀಟಿಗಳಿರುತ್ತವೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಕಾಯ್ದ ಚೀಟಿಗಳಲ್ಲಿ ಅಕ್ಷರಗಳೇ ಮಾಸಿಹೋಗಿ ಬಿಳಿ ಕಾಗದ ಮಾತ್ರ ಉಳಿದಿರುತ್ತದೆ. ಅಕ್ಷರ ಉಳಿದವುಗಳಲ್ಲಿ ವಾಹನ ಸಂಖ್ಯೆ ಇರಬೇಕಾದ ಜಾಗದಲ್ಲಿ ‘ನಾಟ್ ಎಂಟರ್ಡ್’ ಎಂದು ಅಚ್ಚಾಗಿರುತ್ತದೆ. ತಂದವರು ಮಾತ್ರ, “ಸರ್, ಇದಷ್ಟನ್ನೂ ಖರ್ಚಿಗೆ ಹಾಕಿಬಿಡಿ” ಎಂದು ನಿಶ್ಚಿಂತೆಯಿಂದ ಎದ್ದು ಹೋಗುತ್ತಾರೆ. ಟ್ಯಾಂಕಿಗೆ ಎಷ್ಟು ಇಂಧನ ಬಿತ್ತು ಎಂಬುದನ್ನು ಬಿಲ್ಲು ಹೇಳುತ್ತದೆ, ಅದು ಯಾವ ಕೆಲಸಕ್ಕೆ ಉರಿಯಿತು ಎಂಬುದನ್ನು, ವಾಹನ ಎಲ್ಲಿಗೆ, ಎಷ್ಟು ಓಡಿತೆಂದು ಬರೆದಿಡುವ ಕಿಲೋಮೀಟರ್ ಪುಸ್ತಕ ಹೇಳುತ್ತದೆ. ತೆರಿಗೆ ಅಧಿಕಾರಿಗೆ ಬೇಕಿರುವುದು ಈ ಎರಡನೆಯ ಉತ್ತರ. ಚೀಲ ತುಂಬ ಬಿಲ್ಲು ತರುವವರಲ್ಲಿ ಹೆಚ್ಚಿನವರ ಬಳಿ ಆ ಪುಸ್ತಕವೇ ಇರುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ

ಆದಾಯ ತೆರಿಗೆ ಕಾಯ್ದೆ, 1961ರಲ್ಲಿ ಪೆಟ್ರೋಲ್ ಅಥವಾ ಡೀಸೆಲ್‌ಗೆಂದು ಪ್ರತ್ಯೇಕ ಸೆಕ್ಷನ್ ಇಲ್ಲ. ಅದು ಸೆಕ್ಷನ್ 37(1)ರ ಸಾಮಾನ್ಯ ನಿಯಮದಡಿ ಬರುತ್ತದೆ. ಖರ್ಚು ಸಂಪೂರ್ಣವಾಗಿ ಮತ್ತು ಕೇವಲ ವ್ಯವಹಾರದ ಉದ್ದೇಶಕ್ಕೆ ಆಗಿರಬೇಕು, ವೈಯಕ್ತಿಕ ಸ್ವರೂಪದ್ದಾಗಿರಬಾರದು, ಬಂಡವಾಳದ ಖರ್ಚೂ (ವಾಹನದಂಥ ಸ್ವತ್ತು ಕೊಳ್ಳುವ ಖರ್ಚು) ಆಗಿರಬಾರದು ಎಂಬುದು ಆ ನಿಯಮದ ಸಾರ. ಒಂದೇ ಕಾರು ಬೆಳಿಗ್ಗೆ ಗ್ರಾಹಕರ ಬಳಿಗೂ ಸಂಜೆ ಮಗಳ ಸಂಗೀತ ತರಗತಿಗೂ ಓಡುವುದಾದರೆ, ವ್ಯವಹಾರಕ್ಕೆ ಓಡಿದಷ್ಟು ಭಾಗ ಮಾತ್ರ ಖರ್ಚಾಗುತ್ತದೆ. ವಾಹನದ ರಿಪೇರಿ, ವಿಮೆ ಮತ್ತು ಸವಕಳಿಗೂ (ಬಳಕೆಯಿಂದ ವರ್ಷವರ್ಷವೂ ಇಳಿಯುವ ಅದರ ಬೆಲೆಗೂ) ಇದೇ ನ್ಯಾಯ. ಭಾಗಶಃ ವ್ಯವಹಾರಕ್ಕೆ ಬಳಸಿದ ಸ್ವತ್ತಿನ ವಿಷಯದಲ್ಲಿ ನ್ಯಾಯಯುತ ಪ್ರಮಾಣವನ್ನಷ್ಟೇ ಒಪ್ಪುವ ಅಧಿಕಾರವನ್ನು ಸೆಕ್ಷನ್ 38(2) ಅಧಿಕಾರಿಗೆ ಕೊಟ್ಟಿದೆ. ಆ ಪ್ರಮಾಣವನ್ನು ನೀವೇ ಆಧಾರಸಹಿತ ಲೆಕ್ಕ ಹಾಕಿ ಇಟ್ಟಿರದಿದ್ದರೆ ಅಧಿಕಾರಿ ತಮ್ಮ ಅಂದಾಜಿನಂತೆ ಶೇ. 20ರಷ್ಟನ್ನೋ ಶೇ. 30ರಷ್ಟನ್ನೋ ಕತ್ತರಿಸುತ್ತಾರೆ, ಮತ್ತು ಅದನ್ನು ಅಲ್ಲಗಳೆಯಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

2025–26ನೇ ಸಾಲಿನ ಗಳಿಕೆಗೆ 1961ರ ಕಾಯ್ದೆಯೇ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದಾಚೆಯ ಗಳಿಕೆಗೆ ಆದಾಯ ತೆರಿಗೆ ಕಾಯ್ದೆ, 2025 ಅನ್ವಯಿಸುತ್ತದೆ. ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿದ್ದರೂ ವ್ಯವಹಾರಕ್ಕೆಂದೇ ಮಾಡಿದ ಖರ್ಚು ಎಂಬ ತತ್ವ ಬದಲಾಗಿಲ್ಲವಾದ್ದರಿಂದ, ಇಲ್ಲಿ ಹೇಳುವ ಲೆಕ್ಕಪುಸ್ತಕದ ಕ್ರಮ ಎರಡಕ್ಕೂ ಸಲ್ಲುತ್ತದೆ.

ಹೊಸ ತೆರಿಗೆ ಪದ್ಧತಿಯಲ್ಲಿ ಯಾವ ಕಡಿತವೂ ಸಿಗುವುದಿಲ್ಲವಂತೆ ಎಂಬ ಮಾತನ್ನು ನಂಬಿ ಕೆಲವರು ಬಿಲ್ಲುಗಳನ್ನು ಎಸೆದುಬಿಡುತ್ತಾರೆ. ಅಲ್ಲಿ ಕೈತಪ್ಪುವುದು ಜೀವವಿಮೆಯ ಕಂತು, ಪಿಪಿಎಫ್ ಮುಂತಾದ ಉಳಿತಾಯದ ಕಡಿತಗಳು. ವ್ಯವಹಾರದ ಆದಾಯವನ್ನು ಲೆಕ್ಕ ಹಾಕುವಾಗ ಕಳೆಯುವ ಬಾಡಿಗೆ, ಸಂಬಳ, ಪೆಟ್ರೋಲ್ ಮುಂತಾದ ಖರ್ಚುಗಳು ಹೊಸ ಪದ್ಧತಿಯಲ್ಲೂ ಹಾಗೆಯೇ ಇವೆ.

ಯಾರಿಗೆ ಸಲ್ಲುವುದಿಲ್ಲ

ಸಂಬಳದಾರರು ಕಚೇರಿಗೆ ಹೋಗಿಬರುವ ಪೆಟ್ರೋಲನ್ನು ತಮ್ಮ ರಿಟರ್ನ್‌ನಲ್ಲಿ ಕಳೆಯುವಂತಿಲ್ಲ. ಅವರಿಗಿರುವುದು ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ಮತ್ತು ಉದ್ಯೋಗದಾತರು ನಿಯಮಾನುಸಾರ ಮರುಪಾವತಿಸಿದರೆ ಅದು ಮಾತ್ರ. ಅಂದಾಜು ಆದಾಯದ ಯೋಜನೆಯಲ್ಲಿ ರಿಟರ್ನ್ ಸಲ್ಲಿಸುವ ವ್ಯಾಪಾರಿಗಳ ವಿಷಯ ಬೇರೆ. ಸೆಕ್ಷನ್ 44ಎಡಿ ಅಡಿಯಲ್ಲಿ ವಹಿವಾಟಿನ ಶೇ. 8ರಷ್ಟನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಹಣಕ್ಕಾದರೆ ಶೇ. 6ರಷ್ಟನ್ನು ಆದಾಯವೆಂದು ಘೋಷಿಸಿದರೆ, ಎಲ್ಲ ಖರ್ಚುಗಳೂ ಅದರಲ್ಲೇ ಕಳೆದುಹೋದಂತೆ. 60 ಲಕ್ಷ ರೂಪಾಯಿ ವಹಿವಾಟು ಪೂರ್ತಿ ಡಿಜಿಟಲ್ ಆಗಿದ್ದರೆ 3.60 ಲಕ್ಷ ರೂಪಾಯಿ ಆದಾಯ. ಅದರಿಂದ ಮತ್ತೆ ಪೆಟ್ರೋಲ್ ಕಳೆಯಲು ಬರುವುದಿಲ್ಲ. ವೈದ್ಯರು, ವಕೀಲರು, ಎಂಜಿನಿಯರುಗಳು ಮುಂತಾದ ವೃತ್ತಿಪರರಿಗೆ 44ಎಡಿಎ ಅಡಿಯಲ್ಲಿ ಶೇ. 50ರ ಲೆಕ್ಕಕ್ಕೂ ಇದೇ ಮಾತು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು 44ಎಇ ಅಡಿಯಲ್ಲಿ ಪ್ರತಿ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿಯಂತೆ, ಒಟ್ಟು ತೂಕ 12,000 ಕಿಲೋಗ್ರಾಂ ಮೀರಿದ ಭಾರಿ ವಾಹನವಾದರೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿಯಂತೆ ಆದಾಯ ತೋರಿಸಿದರೆ, ಡೀಸೆಲ್ ಬಿಲ್ಲಿನ ಪ್ರಶ್ನೆಯೇ ಏಳುವುದಿಲ್ಲ.

ಹಾಗೆಂದು, ಪೆಟ್ರೋಲ್ ಖರ್ಚು ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ 44ಎಡಿ ಬಿಟ್ಟು ಹೊರಬರುವ ಮುನ್ನ ಲೆಕ್ಕ ಪರಿಶೋಧಕರನ್ನು ಕೇಳುವುದು ಒಳ್ಳೆಯದು. ಒಮ್ಮೆ ಆ ಯೋಜನೆಗೆ ಸೇರಿ ಮುಂದಿನ ಐದು ವರ್ಷಗಳೊಳಗೆ ಬಿಟ್ಟರೆ, ಬಿಟ್ಟ ವರ್ಷದ ನಂತರದ ಐದು ವರ್ಷ ಮತ್ತೆ ಅದರೊಳಗೆ ಬರಲಾಗುವುದಿಲ್ಲ. ಆದಾಯವು ತೆರಿಗೆಯಿಲ್ಲದ ಮಿತಿಯನ್ನು ದಾಟಿದ್ದರೆ ಲೆಕ್ಕಪುಸ್ತಕ ಮತ್ತು ಆಡಿಟ್ ಎರಡೂ ಕಡ್ಡಾಯವಾಗುತ್ತವೆ. ಕಮಿಷನ್ ಆದಾಯದವರಿಗೆ, ಅಂದರೆ ವಿಮಾ ಏಜೆಂಟರು, ದಲ್ಲಾಳಿಗಳು ಮುಂತಾದವರಿಗೆ, 44ಎಡಿ ಅನ್ವಯಿಸುವುದೇ ಇಲ್ಲ. ದಿನವಿಡೀ ದ್ವಿಚಕ್ರ ವಾಹನದ ಮೇಲೆಯೇ ಬದುಕುವ ಇವರಿಗೆ ಕಿಲೋಮೀಟರ್ ಪುಸ್ತಕದ ಅಗತ್ಯ ಎಲ್ಲರಿಗಿಂತ ಹೆಚ್ಚು, ಇಟ್ಟವರನ್ನು ಮಾತ್ರ ನಾನು ಕಂಡದ್ದು ಅಪರೂಪ.

ನಮ್ಮ ಕಡೆ ಅಂಗಡಿಯ ಜೊತೆಗೆ ತೋಟವೋ ಗದ್ದೆಯೋ ಇಟ್ಟುಕೊಂಡಿರುವವರು ಬಹಳ. ಟ್ರ್ಯಾಕ್ಟರಿನ ಡೀಸೆಲನ್ನು ಅಂಗಡಿಯ ಖರ್ಚಿಗೆ ಸೇರಿಸುವುದು ಅವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ಅದರ ಖರ್ಚನ್ನು ತೆರಿಗೆ ಇರುವ ಆದಾಯದಿಂದ ಕಳೆಯಲಾಗದು.

ಕಿಲೋಮೀಟರ್ ಪುಸ್ತಕ

ಇದಕ್ಕೆ ಕಾಯ್ದೆ ಯಾವ ನಮೂನೆಯನ್ನೂ ನಿಗದಿ ಮಾಡಿಲ್ಲ. ಸ್ಟೇಷನರಿ ಅಂಗಡಿಯ ನೂರು ಪುಟದ ರೂಲ್ ಪುಸ್ತಕ ಸಾಕು. ಮೊಬೈಲಿನ ಸ್ಪ್ರೆಡ್‌ಶೀಟ್ ಆದರೂ ಸರಿ. ಏಪ್ರಿಲ್ 1ರ ಬೆಳಿಗ್ಗೆ ಓಡೋಮೀಟರ್ ಎಷ್ಟು ತೋರಿಸುತ್ತಿದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆದು, ಅದರ ಫೋಟೋ ಒಂದನ್ನು ತೆಗೆದಿಟ್ಟುಕೊಳ್ಳಬೇಕು. ಮಾರ್ಚ್ 31ರ ರಾತ್ರಿ ಮತ್ತೊಮ್ಮೆ ಹಾಗೆಯೇ ಮಾಡಬೇಕು. ಇವೆರಡರ ವ್ಯತ್ಯಾಸವೇ ವರ್ಷದ ಒಟ್ಟು ಓಟ.

ನಡುವೆ, ವ್ಯವಹಾರದ ಪ್ರತಿ ಪ್ರಯಾಣಕ್ಕೆ ಒಂದು ಸಾಲು. ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಸಾಮಾನುಗಳ ಸಗಟು ವ್ಯಾಪಾರ ಮಾಡುವವರೊಬ್ಬರ ಪುಸ್ತಕದಲ್ಲಿ ಆ ಸಾಲು ಹೀಗಿರಬಹುದು: “ಜುಲೈ 14, ಸೋಮವಾರ. ಹೊರಟಾಗ 48,212, ಮರಳಿದಾಗ 48,346, ಓಟ 134 ಕಿ.ಮೀ. ದಾವಣಗೆರೆ–ಚಿತ್ರದುರ್ಗ–ದಾವಣಗೆರೆ. ಎರಡು ಅಂಗಡಿಗೆ ಸರಕು, ಬಿಲ್ ಸಂಖ್ಯೆ 311 ಮತ್ತು 312. ಹಳೆಯ ಬಾಕಿ ವಸೂಲಿ.” ಬರೆಯಲು ಅರ್ಧ ನಿಮಿಷವೂ ಬೇಡ. ಆದರೆ ಆ ಒಂದು ಸಾಲಿಗೆ ಸಾಕ್ಷಿಗಳು ಎಷ್ಟು ಕಡೆಯಿಂದ ಬಂದು ನಿಲ್ಲುತ್ತವೆ ನೋಡಿ: ಮಾರಾಟದ ಬಿಲ್ಲುಗಳಲ್ಲಿ ಅದೇ ದಿನಾಂಕ ಇದೆ, ಹೆಬ್ಬಾಳು ಟೋಲಿನಲ್ಲಿ ಫಾಸ್ಟ್ಯಾಗ್‌ನಿಂದ ಅದೇ ದಿನ ಹಣ ಕಡಿತವಾಗಿದೆ, ವಸೂಲಾದ ಬಾಕಿ ಮರುದಿನ ಬ್ಯಾಂಕಿಗೆ ಜಮೆಯಾಗಿದೆ. “ಮಾರ್ಕೆಟಿಂಗ್ ಕೆಲಸ, 134 ಕಿ.ಮೀ.” ಎಂದು ಬರೆದ ಸಾಲಿಗೆ ಇಂಥ ಯಾವ ಆಸರೆಯೂ ಇರುವುದಿಲ್ಲ.

ಸ್ವಂತ ಓಡಾಟವನ್ನು ಸಾಲು ಸಾಲಾಗಿ ಬರೆಯಬೇಕಾಗಿಲ್ಲ. ಒಟ್ಟು ಓಟದಲ್ಲಿ ವ್ಯವಹಾರದ್ದನ್ನು ಕಳೆದರೆ ಉಳಿದದ್ದೆಲ್ಲ ಸ್ವಂತದ್ದು. ಮನೆಯಿಂದ ಅಂಗಡಿಗೆ ಹೋಗಿಬರುವ ದೂರವನ್ನು ಯಾವ ಕಡೆಗೆ ಹಾಕಬೇಕು ಎಂದು ಕೇಳುವವರಿಗೆ, ಅದನ್ನು ಸ್ವಂತದ್ದೆಂದೇ ಬಿಡಿ ಎಂದು ನಾನು ಹೇಳುತ್ತೇನೆ. ದಿನಕ್ಕೆ ನಾಲ್ಕು ಕಿಲೋಮೀಟರಿಗಾಗಿ ವಾದಕ್ಕಿಳಿಯುವುದರಿಂದ ಸಿಗುವುದು ಅಲ್ಪ, ಮತ್ತು ಸ್ವಂತ ಬಳಕೆಯನ್ನು ಧಾರಾಳವಾಗಿ ಬಿಟ್ಟುಕೊಟ್ಟ ಪುಸ್ತಕವನ್ನು ಓದುವವರು ಉಳಿದ ಸಾಲುಗಳನ್ನು ಹೆಚ್ಚು ನಂಬುತ್ತಾರೆ.

ಬಿಲ್ಲು ಮತ್ತು ಪಾವತಿ

ಬಂಕಿನಲ್ಲಿ ಇಂಧನ ಹಾಕಿಸುವಾಗಲೇ ವಾಹನ ಸಂಖ್ಯೆಯನ್ನು ನಮೂದಿಸಿ ಬಿಲ್ಲು ಕೊಡುವಂತೆ ಕೇಳಬೇಕು. ಯಂತ್ರದಲ್ಲಿ ಆಗದಿದ್ದರೆ ಹಿಂಬದಿಯಲ್ಲಿ ಕೈಯಿಂದ ಬರೆದುಕೊಳ್ಳಬೇಕು. ಆ ಕಾಗದದ ಮುದ್ರಣ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅಂದೇ ಫೋಟೋ ತೆಗೆದು ತಿಂಗಳವಾರು ಫೋಲ್ಡರಿನಲ್ಲಿ ಇಡಬೇಕು. ಹಣವನ್ನು ಸಾಧ್ಯವಾದಷ್ಟು ವ್ಯವಹಾರದ ಖಾತೆಯ ಯುಪಿಐ ಅಥವಾ ಕಾರ್ಡಿನಿಂದಲೇ ಕೊಟ್ಟರೆ, ಬಿಲ್ಲು ಕಳೆದುಹೋದ ದಿನವೂ ಬ್ಯಾಂಕ್ ಪಟ್ಟಿಯಲ್ಲಿ ಒಂದು ಗುರುತು ಉಳಿಯುತ್ತದೆ.

ಬಂಕಿನಲ್ಲಿ ಉದ್ದರಿ ಖಾತೆ ಇಟ್ಟು ತಿಂಗಳ ಕೊನೆಗೆ ಚುಕ್ತಾ ಮಾಡುವವರು ಸೆಕ್ಷನ್ 40ಎ(3)ನ್ನು ನೆನಪಿಡಬೇಕು. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿಯಾಗಿ ತಿರಸ್ಕೃತವಾಗುತ್ತದೆ. ಲಾರಿ ಇಟ್ಟವರಲ್ಲಿ ಕೆಲವರು “ನಮಗೆ 35,000 ರೂಪಾಯಿವರೆಗೆ ಅವಕಾಶವಿದೆ” ಎನ್ನುತ್ತಾರೆ. ಆ ಹೆಚ್ಚಿನ ಮಿತಿ ಇರುವುದು ಸರಕು ವಾಹನದ ಬಾಡಿಗೆಯಾಗಿ ಅದರ ಮಾಲೀಕರಿಗೆ ಕೊಡುವ ಹಣಕ್ಕೆ. ಬಂಕಿಗೆ ಕೊಡುವ ಡೀಸೆಲ್ ಹಣಕ್ಕೆ ಮಿತಿ 10,000 ರೂಪಾಯಿಯೇ.

ಜಿಎಸ್‌ಟಿ ನೋಂದಣಿ ಇರುವವರು ಪೆಟ್ರೋಲ್ ಬಿಲ್ಲಿನಲ್ಲಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಹುಡುಕುವುದು ವ್ಯರ್ಥ. ಪೆಟ್ರೋಲ್, ಡೀಸೆಲ್ ಮತ್ತು ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿ ಹೊರಗಿವೆ. ಅವುಗಳ ಮೇಲಿನ ರಾಜ್ಯದ ಮಾರಾಟ ತೆರಿಗೆ ಬೆಲೆಯಲ್ಲೇ ಸೇರಿರುವುದರಿಂದ ಬಿಲ್ಲಿನ ಪೂರ್ತಿ ಮೊತ್ತವೇ ಖರ್ಚು. ಕಾರಿನ ಸರ್ವಿಸ್ ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದರೂ, ಬಾಡಿಗೆ ಓಡಿಸುವಂಥ ವ್ಯವಹಾರವಲ್ಲದಿದ್ದರೆ, ಸಾಮಾನ್ಯ ಪ್ರಯಾಣಿಕ ಕಾರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ. ಸರಕು ವಾಹನಕ್ಕೆ ಸಿಗುತ್ತದೆ. ಆದರೆ ಕ್ರೆಡಿಟ್ ಪಡೆದ ಜಿಎಸ್‌ಟಿಯನ್ನು ಖರ್ಚಿನಲ್ಲೂ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ.

ಅಂಗಡಿಯ ಹುಡುಗರು ತಮ್ಮ ಸ್ವಂತ ಬೈಕಿನಲ್ಲಿ ಆರ್ಡರ್ ತರಲು ಹೋಗುವಲ್ಲಿ, ಗಲ್ಲಾದಿಂದ ನೂರು, ಇನ್ನೂರು ತೆಗೆದುಕೊಡುವ ಅಭ್ಯಾಸವಿದೆ. ಅದರ ಬದಲು ಕಿಲೋಮೀಟರಿಗೆ ಇಂತಿಷ್ಟು ಎಂದು ದರ ನಿಗದಿ ಮಾಡಿ, ವಾರಕ್ಕೊಮ್ಮೆ ಅವರು ಹೋದ ಊರು, ದೂರ ಬರೆದ ವೋಚರಿಗೆ ಸಹಿ ಪಡೆದು ಯುಪಿಐಯಲ್ಲಿ ಕೊಟ್ಟರೆ ಅದು ನಿಲ್ಲುವ ಖರ್ಚಾಗುತ್ತದೆ.

ಒಂದು ವರ್ಷದ ಲೆಕ್ಕ

ಅದೇ ದಾವಣಗೆರೆಯ ವ್ಯಾಪಾರಿಯ ಕಾರು ವರ್ಷಕ್ಕೆ 18,000 ಕಿ.ಮೀ. ಓಡಿತು, ಅದರಲ್ಲಿ ಪುಸ್ತಕದ ಪ್ರಕಾರ 12,600 ಕಿ.ಮೀ. ವ್ಯವಹಾರಕ್ಕೆ ಎಂದುಕೊಳ್ಳೋಣ. ವ್ಯವಹಾರದ ಪಾಲು ಶೇ. 70. ಲೀಟರಿಗೆ 15 ಕಿ.ಮೀ.ನಂತೆ 1,200 ಲೀಟರ್, ಸರಾಸರಿ 103 ರೂಪಾಯಿ ಎಂದಿಟ್ಟುಕೊಂಡರೆ ಪೆಟ್ರೋಲಿಗೆ 1,23,600 ರೂಪಾಯಿ; ಅದರ ಶೇ. 70 ಎಂದರೆ 86,520 ರೂಪಾಯಿ. ವಿಮೆ ಮತ್ತು ಸರ್ವಿಸ್ ಸೇರಿ 36,000 ರೂಪಾಯಿ ಆಗಿದ್ದರೆ ಅದರಲ್ಲಿ 25,200 ರೂಪಾಯಿ. ಟೋಲಿಗೆ ಶೇಕಡಾವಾರು ಬೇಡ. ಯಾವ ದಿನ ಯಾವ ಟೋಲ್ ಎಂಬುದು ಫಾಸ್ಟ್ಯಾಗ್ ಪಟ್ಟಿಯಲ್ಲೇ ಇರುವುದರಿಂದ ವ್ಯವಹಾರದ ದಿನಗಳನ್ನು ಆರಿಸಿ ನೇರವಾಗಿ ತೆಗೆದುಕೊಳ್ಳಬೇಕು, ಇಲ್ಲಿ 7,400 ರೂಪಾಯಿ ಎನ್ನೋಣ. ಸವಕಳಿ ಕಾರಿಗೆ ಶೇ. 15; ವರ್ಷದ ಆರಂಭದ ಪುಸ್ತಕ ಮೌಲ್ಯ 6,00,000 ರೂಪಾಯಿ ಆಗಿದ್ದರೆ 90,000 ರೂಪಾಯಿ, ಅದರ ಶೇ. 70 ಎಂದರೆ 63,000 ರೂಪಾಯಿ. ಎಲ್ಲ ಸೇರಿ 1,82,120 ರೂಪಾಯಿ.

ಈ ಮೊತ್ತದ ತೂಕ ಎಷ್ಟೆಂದು ತಿಳಿಯಬೇಕಾದರೆ, ವಾಹನದ ಖರ್ಚು ಕಳೆಯುವ ಮುನ್ನ ಅವರ ಆದಾಯ 13,00,000 ರೂಪಾಯಿ ಎಂದುಕೊಳ್ಳಿ. 2025–26ನೇ ಸಾಲಿನ ಹೊಸ ಪದ್ಧತಿಯ ದರದಲ್ಲಿ ಅದಕ್ಕೆ 75,000 ರೂಪಾಯಿ ತೆರಿಗೆ, ಶೇ. 4ರ ಸೆಸ್ ಸೇರಿ 78,000 ರೂಪಾಯಿ. ವಾಹನದ ಖರ್ಚು ಕಳೆದರೆ ಆದಾಯ 11,17,880 ರೂಪಾಯಿಗೆ ಇಳಿದು, 12 ಲಕ್ಷದೊಳಗಿನವರಿಗಿರುವ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ನೂರು ಪುಟದ ಪುಸ್ತಕಕ್ಕೆ ಇಷ್ಟು ಬೆಲೆ ಬರುವುದು ಎಲ್ಲರಿಗೂ ಅಲ್ಲ, ಆದಾಯವು ಇಂಥ ಗಡಿಯ ಹತ್ತಿರ ಇರುವವರಿಗೆ. ಉಳಿದವರಿಗೆ ಅವರವರ ಸ್ಲ್ಯಾಬಿನ ದರದಷ್ಟು.

ಕಾರಿನ ಸಾಲದ ಇಎಂಐಯಲ್ಲಿ ಬಡ್ಡಿಯ ಭಾಗಕ್ಕೆ ಮಾತ್ರ ಇದೇ ಶೇ. 70ನ್ನು ಅನ್ವಯಿಸಬಹುದು, ಅಸಲಿಗೆ ಇಲ್ಲ. ಹೊಸ ವಾಹನವನ್ನು ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧ. ಬಾಡಿಗೆಗೆ ಓಡಿಸುವ ಟ್ಯಾಕ್ಸಿ, ಲಾರಿ, ಬಸ್ಸುಗಳಿಗೆ ಸವಕಳಿ ದರ ಶೇ. 30. ವಾಹನ ಹೆಂಡತಿಯ ಹೆಸರಿನಲ್ಲಿದ್ದರೆ, ವ್ಯವಹಾರಕ್ಕೆ ಓಡಿದಷ್ಟು ಪೆಟ್ರೋಲನ್ನು ತೋರಿಸಲು ಅಡ್ಡಿಯಿಲ್ಲ, ಸವಕಳಿ ಮಾತ್ರ ಸಿಗುವುದಿಲ್ಲ. ಇಂಧನ ಬಳಕೆಯನ್ನು ಅನುಸರಿಸುತ್ತದೆ, ಸವಕಳಿ ಒಡೆತನವನ್ನು. ಹೆಲ್ಮೆಟ್ ಇಲ್ಲದ್ದಕ್ಕೆ, ಸಿಗ್ನಲ್ ಹಾರಿದ್ದಕ್ಕೆ ಕಟ್ಟಿದ ದಂಡ ಕಾನೂನು ಮುರಿದದ್ದರ ಖರ್ಚಾದ್ದರಿಂದ, ಸರಕು ತಲುಪಿಸುವ ಅವಸರದಲ್ಲೇ ಆಗಿದ್ದರೂ ಅದನ್ನು ಕಳೆಯುವಂತಿಲ್ಲ.

ವ್ಯವಹಾರದ ಲೆಕ್ಕಪುಸ್ತಕ ಬರೆಯುವಾಗ ವರ್ಷವಿಡೀ ಪೂರ್ತಿ ಬಿಲ್ಲನ್ನು ವಾಹನ ಖರ್ಚಿನ ಖಾತೆಗೆ ಹಾಕುತ್ತಾ ಹೋಗಿ, ಮಾರ್ಚ್ 31ರಂದು ಸ್ವಂತ ಪಾಲಾದ ಶೇ. 30ನ್ನು ಒಂದೇ ಜರ್ನಲ್ ನಮೂದಿನಿಂದ ಮಾಲೀಕರು ಸ್ವಂತಕ್ಕೆ ತೆಗೆದುಕೊಂಡದ್ದನ್ನು ಬರೆಯುವ ಡ್ರಾಯಿಂಗ್ಸ್ ಖಾತೆಗೆ ವರ್ಗಾಯಿಸುವುದು ಸುಲಭ ಮಾರ್ಗ. ಆಗ ಲಾಭ–ನಷ್ಟದ ಪಟ್ಟಿಯಲ್ಲಿ ವ್ಯವಹಾರದ ಪಾಲು ಮಾತ್ರ ಉಳಿಯುತ್ತದೆ, ವ್ಯವಹಾರದ ಆದಾಯದವರ ರಿಟರ್ನ್ ನಮೂನೆಯಾದ ಐಟಿಆರ್-3ರಲ್ಲಿ ಅದೇ ಅಂಕಿಯನ್ನು ಆಯಾ ಶೀರ್ಷಿಕೆಯಡಿ ತುಂಬಿದರಾಯಿತು. ಯಾವ ಖರ್ಚನ್ನು ಯಾವ ಶೀರ್ಷಿಕೆಗೆ ಹಾಕಿದಿರೋ ಮುಂದಿನ ವರ್ಷವೂ ಅಲ್ಲಿಗೇ ಹಾಕಿ. ವರ್ಷಕ್ಕೊಂದು ಕಡೆ ಸರಿಸಿದರೆ ಎರಡು ವರ್ಷಗಳ ಅಂಕಿಗಳು ಹೋಲಿಕೆಗೆ ಸಿಗದೆ ಅನಗತ್ಯ ಪ್ರಶ್ನೆಗಳು ಏಳುತ್ತವೆ.

ಸಲ್ಲಿಸುವ ಮುನ್ನ ಒಂದು ಪರೀಕ್ಷೆ

ಬಿಲ್ಲುಗಳಲ್ಲಿರುವ ಒಟ್ಟು ಲೀಟರಿನಿಂದ ವರ್ಷದ ಒಟ್ಟು ಓಟವನ್ನು ಭಾಗಿಸಿ ನೋಡಿ. ಒಮ್ಮೆ ಒಬ್ಬರು ತಂದ ಚೀಲವನ್ನು ಹೀಗೆ ಲೆಕ್ಕ ಹಾಕಿದಾಗ ಅವರ ಸಣ್ಣ ಕಾರು ಲೀಟರಿಗೆ 7 ಕಿ.ಮೀ. ಕೊಡುತ್ತಿತ್ತು. ವಿಚಾರಿಸಿದರೆ ಅಳಿಯನ ಕಾರಿನ ಬಿಲ್ಲುಗಳೂ, ಬೇರೆಯವರು ಬಿಟ್ಟುಹೋದ ಬಿಲ್ಲುಗಳೂ ಅದರಲ್ಲಿ ಸೇರಿಕೊಂಡಿದ್ದವು; ನಾಲ್ಕಾರು ಡೀಸೆಲ್ ಬಿಲ್ಲುಗಳೂ ಇದ್ದವು, ಕಾರು ಮಾತ್ರ ಪೆಟ್ರೋಲಿನದು. ನಾನು ಹತ್ತು ನಿಮಿಷದಲ್ಲಿ ಕಂಡದ್ದನ್ನು ಅಧಿಕಾರಿಯೂ ಕಾಣುತ್ತಾರೆ. ಸರ್ವಿಸ್ ಕೇಂದ್ರದ ಬಿಲ್ಲಿನಲ್ಲಿ ಪ್ರತಿ ಸಲವೂ ಓಡೋಮೀಟರ್ ಅಂಕಿ ಮುದ್ರಿತವಾಗುವುದರಿಂದ, ವರ್ಷಕ್ಕೆ ಕಾರು ಎಷ್ಟು ಓಡಿತೆಂಬುದನ್ನು ನೀವು ಹೇಳದಿದ್ದರೂ ಆ ಕಾಗದಗಳೇ ಹೇಳುತ್ತವೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ಸೆಕ್ಷನ್ 270ಎ ಅಡಿಯಲ್ಲಿ ದಂಡ ತಪ್ಪಿದ ತೆರಿಗೆಯ ಶೇ. 50, ಲೆಕ್ಕಪುಸ್ತಕದಲ್ಲಿ ಸುಳ್ಳು ನಮೂದು ಮಾಡಿದ್ದೆಂದು ಸಾಬೀತಾದರೆ ಶೇ. 200.

ಬಿಲ್ಲುಗಳನ್ನು ರಿಟರ್ನ್ ಜೊತೆ ಲಗತ್ತಿಸಬೇಕಾಗಿಲ್ಲ, ಆದರೆ ಇಟ್ಟುಕೊಳ್ಳಬೇಕು. ಲೆಕ್ಕಪುಸ್ತಕಗಳನ್ನು ಸಂಬಂಧಿತ ಅಸೆಸ್‌ಮೆಂಟ್ ವರ್ಷ (ಗಳಿಕೆಯ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ ಆರು ವರ್ಷ ಕಾಯ್ದಿಡಬೇಕೆಂದು ನಿಯಮ 6ಎಫ್ ಕೆಲವು ವೃತ್ತಿಪರರಿಗೆ ವಿಧಿಸಿದೆ. ಎಲ್ಲರೂ ಅದನ್ನೇ ಪಾಲಿಸುವುದು ಕ್ಷೇಮ. ಪರಿಶೀಲನೆಗೆ ಆಯ್ಕೆಯಾದರೆ ಈಗ ಹೆಚ್ಚಿನ ಪ್ರಕರಣಗಳು ಫೇಸ್‌ಲೆಸ್ ಆಗಿ, ಪೋರ್ಟಲ್ ಮೂಲಕವೇ ನಡೆಯುತ್ತವೆ. ಅಧಿಕಾರಿ ಯಾವ ಊರಿನಲ್ಲಿ ಕೂತಿದ್ದಾರೋ ತಿಳಿಯದು. ಎದುರು ಕೂತು ವಿವರಿಸುವ ಅವಕಾಶ ಸುಲಭಕ್ಕೆ ಸಿಗದು. ದಾವಣಗೆರೆಗೂ ಹರಿಹರಕ್ಕೂ ಎಷ್ಟು ದೂರ ಎಂದು ಗೊತ್ತಿಲ್ಲದವರೊಬ್ಬರು ಓದಿದರೂ ಅರ್ಥವಾಗುವಂತೆ ಪುಸ್ತಕ ಬರೆದಿರಬೇಕು.

ಈ ವರ್ಷ ಪುಸ್ತಕವನ್ನೇ ಇಟ್ಟಿಲ್ಲ ಎನ್ನುವವರು, ಕೂಡಲೇ ಕುಳಿತು ಹನ್ನೆರಡು ತಿಂಗಳ ಪುಸ್ತಕವನ್ನು ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ ಬರೆಯುವ ಸಾಹಸಕ್ಕೆ ಇಳಿಯಬಾರದು. ನೋಡಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸರ್ವಿಸ್ ಬಿಲ್ಲುಗಳಿಂದ ವರ್ಷದ ಒಟ್ಟು ಓಟವನ್ನೂ, ಮಾರಾಟದ ಬಿಲ್ಲು ಮತ್ತು ಫಾಸ್ಟ್ಯಾಗ್ ಪಟ್ಟಿಯಿಂದ ಹೊರ ಊರಿಗೆ ಹೋದ ದಿನಗಳನ್ನೂ ತೆಗೆದು, ಆ ಪ್ರಯಾಣಗಳ ದೂರವನ್ನು ಕೂಡಿ, ‘ಈ ದಾಖಲೆಗಳ ಆಧಾರದಿಂದ ವರ್ಷಾಂತ್ಯದಲ್ಲಿ ಸಿದ್ಧಪಡಿಸಿದ ಪಟ್ಟಿ’ ಎಂದು ಅದರ ಮೇಲೆಯೇ ಸ್ಪಷ್ಟವಾಗಿ ಬರೆದು ಇಡಬೇಕು. ಊರೊಳಗಿನ ಓಡಾಟ ಇದರಲ್ಲಿ ಬಿಟ್ಟುಹೋಗಿ ಪಾಲು ಶೇ. 70ರ ಬದಲು ಶೇ. 50ಕ್ಕೆ ಇಳಿಯಬಹುದು. ಆ ವರ್ಷದ ಮಟ್ಟಿಗೆ ಅಷ್ಟನ್ನೇ ತೋರಿಸಿ, ಇಂದಿನ ಓಡೋಮೀಟರ್ ಅಂಕಿಯಿಂದ ಪುಸ್ತಕ ಶುರು ಮಾಡಬೇಕು.